ಸ್ಕೌಟ್ಸ್‌ಗಿಂತ ಮೊದಲೇ ಇದ್ದ ಬಾಯ್ಸ್ ಬ್ರಿಗೇಡ್: ಈ ವಿಲಿಯಂ ಸ್ಮಿತ್ ಯಾರು?

ಪುಸ್ತಕದಹುಳು:
ಸ್ಕೌಟ್ ಸಂಸ್ಥಾಪಕರ ದಿನದಂದು ನಮ್ಮ ಶಾಲೆಯ ಮಕ್ಕಳೆದುರು ಸ್ವಲ್ಪ ಹೊತ್ತು ಮಾತನಾಡಬೇಕಾಗಿದೆ. ಸ್ಕೌಟ್ ಸಂಸ್ಥೆಯನ್ನು ಕಟ್ಟಿದ ಬೇಡನ್ ಪೊವೆಲ್ ಅವರ ಕಥೆ ಮಕ್ಕಳಿಗೆ ಬಾಯಿಪಾಠವಾಗಿದೆ. ಅದಕ್ಕಾಗಿ ಹುಡುಕುತ್ತಿದ್ದಾಗ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬ ಹೆಸರು ಕಣ್ಣಿಗೆ ಬಿತ್ತು. ಇವರು ಸೇನಾಧಿಕಾರಿಯೇ, ಪಾದ್ರಿಯೇ? ಹುಡುಗರ ಸಂಘ ಕಟ್ಟುವ ಯೋಚನೆ ಇವರಿಗೆ ಬಂದದ್ದು ಹೇಗೆ? ತಿಳಿದವರು ಹೇಳಿ.

ಹಳೆಯ ಸ್ಕೌಟ್ ಮಾಸ್ತರ:
ಎರಡೂ ಅಲ್ಲ, ವ್ಯಾಪಾರಿ. ಅದನ್ನೇ ಮೊದಲು ಮಕ್ಕಳಿಗೆ ಹೇಳಿ.

ಹುಟ್ಟಿದ್ದು 1854ರ ಅಕ್ಟೋಬರ್ 27ರಂದು, ಸ್ಕಾಟ್ಲೆಂಡಿನ ಉತ್ತರ ತುದಿಯ ಥರ್ಸೊ ಪಟ್ಟಣದ ಬಳಿ. ಹುಡುಗ ಹದಿಮೂರು ದಾಟುವಷ್ಟರಲ್ಲಿ ತಂದೆ ಚೀನಾದಲ್ಲಿ ತೀರಿಕೊಂಡರು. ಗ್ಲಾಸ್ಗೊದಲ್ಲಿ ಶಾಲು, ಜವಳಿಯ ಸಗಟು ವ್ಯಾಪಾರ ಮಾಡುತ್ತಿದ್ದ ಸೋದರಮಾವ ಕರೆಸಿಕೊಂಡು ಕೆಲಸ ಕೊಟ್ಟ. ಹೊತ್ತು ಸಿಕ್ಕಾಗ ಸ್ಮಿತ್ ಲನಾರ್ಕ್‌ಷೈರ್ ರೈಫಲ್ ಸ್ವಯಂಸೇವಕ ದಳಕ್ಕೆ ಸೇರಿ ಕವಾಯತು ಕಲಿತರು. ಮಾವನಿಗೆ ಈ ಸಿಪಾಯಿಗಿರಿ ಕಣ್ಣಿಗೆ ಆಗದು. ಕೊನೆಗೆ ಅವರಿಬ್ಬರ ದಾರಿಯೇ ಬೇರೆಯಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಸ್ಮಿತ್ ಭಾನುವಾರಗಳಂದು ನಾರ್ತ್ ವುಡ್‌ಸೈಡ್ ರಸ್ತೆಯ ಮಿಷನ್ ಹಾಲ್‌ನಲ್ಲಿ ಬಡ ಹುಡುಗರಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಚಿಕ್ಕವರು ಸುಮ್ಮನೆ ಕುಳಿತು ಕೇಳುತ್ತಿದ್ದರು. ಹನ್ನೆರಡು ದಾಟಿದವರು ಮಾತ್ರ ಹಿಡಿತಕ್ಕೇ ಸಿಗುತ್ತಿರಲಿಲ್ಲ: ಗಲಾಟೆ, ಅಣಕ, ಆಮೇಲೆ ಬರುವುದನ್ನೇ ಬಿಟ್ಟುಬಿಡುವುದು. ಆ ವಯಸ್ಸಿನಲ್ಲಿ ಅವರಿಗೆ ತಾವು ಮಕ್ಕಳಲ್ಲ ಎಂದು ಅನಿಸಿರುತ್ತದೆ, ಆದರೆ ದೊಡ್ಡವರೆಂದು ಒಪ್ಪುವವರು ಯಾರೂ ಇರುವುದಿಲ್ಲ. ಶನಿವಾರ ಮೈದಾನದಲ್ಲಿ ತಾನು ಹೇಳಿದಂತೆ ನೂರು ಜನ ಹೆಜ್ಜೆ ಹಾಕುತ್ತಾರೆ, ಮರುದಿನ ಇಪ್ಪತ್ತು ಹುಡುಗರು ಮಾತು ಕೇಳುವುದಿಲ್ಲವಲ್ಲ ಎಂದು ಸ್ಮಿತ್‌ಗೆ ಹೊಳೆದದ್ದು ಸಹಜ. ಹುಡುಗರ ಕೈಗೇ ಆ ಶಿಸ್ತನ್ನು ಕೊಟ್ಟರೆ?

1883ರ ಅಕ್ಟೋಬರ್ 4, ಗುರುವಾರ. ಹಿಲ್ ಎಂಬ ಅಣ್ಣತಮ್ಮಂದಿರಿಬ್ಬರ ಜೊತೆಗೂಡಿ ಅದೇ ಹಾಲ್‌ನಲ್ಲಿ ‘ಬಾಯ್ಸ್ ಬ್ರಿಗೇಡ್’ ಶುರುಮಾಡಿದರು. ಆರಂಭದಲ್ಲಿ ಸೇರಿದವರು 59 ಹುಡುಗರು. ಕವಾಯತು ಎಂಟು ಗಂಟೆಗೆ ಎಂದರೆ ಎಂಟಕ್ಕೇ. ಸಾಲಿನಲ್ಲಿ ಇಲ್ಲದವನಿಗೆ ಅಂದು ಜಾಗವಿಲ್ಲ. ಬಹಳ ಹುಡುಗರು ಬಿಟ್ಟುಹೋದರು. ಸ್ಮಿತ್ ಅವರ ಬೆನ್ನು ಹತ್ತಿ ಅಂಗಲಾಚಲಿಲ್ಲ, ನಿಯಮವನ್ನೂ ಸಡಿಲಿಸಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಜಾಣತನವಿರುವುದು ಇಲ್ಲಿಯೇ. ಸುಲಭವಾಗಿ ಸಿಗುವ ಸದಸ್ಯತ್ವವನ್ನು ಹದಿನಾಲ್ಕರ ಹುಡುಗ ಮೂರು ಕಾಸಿಗೂ ಕೊಳ್ಳುವುದಿಲ್ಲ. ಸ್ಕೌಟ್ ದಳ ನಡೆಸಿದವನಾಗಿ ಇದನ್ನು ಬಲ್ಲೆ.

ಸಮವಸ್ತ್ರವೂ ಅಷ್ಟೇ ಲೆಕ್ಕಾಚಾರದ್ದು: ಉಟ್ಟ ಬಟ್ಟೆಯ ಮೇಲೆಯೇ ಒಂದು ಗುಂಡು ಟೋಪಿ, ಸೊಂಟಕ್ಕೆ ಬೆಲ್ಟ್, ಹೆಗಲಿಗೆ ಬಿಳಿಯ ಚೀಲ. ಮನೆಯಲ್ಲಿ ಕಾಸಿಲ್ಲದವನೂ ಸಾಲಿನಲ್ಲಿ ಬೇರೆಯಾಗಿ ಕಾಣಬಾರದು. ಲಾಂಛನ ಲಂಗರು, ಬೈಬಲಿನ ಇಬ್ರಿಯರ ಪತ್ರದಿಂದ ಬಂದದ್ದು.

ಸಂದೇಹಿ:
ಮಾಸ್ತರರೇ, ಹೊಗಳಿಕೆ ಸ್ವಲ್ಪ ಹೆಚ್ಚಾಯಿತು. ಹುಡುಗರ ಕೈಗೆ ಅಣಕು ಬಂದೂಕು ಕೊಟ್ಟು ಕವಾಯತು ಮಾಡಿಸಿದ್ದೂ ಇದೇ ಸಂಸ್ಥೆ ತಾನೇ? ಸಾಮ್ರಾಜ್ಯಕ್ಕೆ ಸಿಪಾಯಿಗಳನ್ನು ಬೆಳೆಸುವ ಸಸಿಮಡಿ ಅದು. ಮೇಲಿಂದ ಮತಪ್ರಚಾರ ಬೇರೆ.

ಹಳೆಯ ಸ್ಕೌಟ್ ಮಾಸ್ತರ:
ಮತದ ವಿಷಯವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಕ್ರಿಸ್ತನ ರಾಜ್ಯದ ಅಭಿವೃದ್ಧಿ ಎಂಬುದು ಸಂಸ್ಥೆಯ ಉದ್ದೇಶದ ಮೊದಲ ಮಾತೇ ಆಗಿತ್ತು.

ಬಂದೂಕಿನ ಆಕ್ಷೇಪ ಸರಿಯಾದದ್ದೇ. ಆ ಕಾಲದಲ್ಲಿಯೂ ಅನೇಕರು ಎತ್ತಿದ್ದರು. ಅದು ಇಷ್ಟವಾಗದವರು ಬಂದೂಕಿಲ್ಲದ ‘ಬಾಯ್ಸ್ ಲೈಫ್ ಬ್ರಿಗೇಡ್’ ಕಟ್ಟಿ ಜೀವರಕ್ಷಣೆಯ ಕವಾಯತು ಕಲಿಸಿದರು. ಎರಡೂ 1926ರಲ್ಲಿ ಒಂದಾದವು. ಅಣಕು ಬಂದೂಕು ಮೂಲೆಗೆ ಸೇರಿದ್ದೂ ಆ ಹೊತ್ತಿಗೇ. ಸ್ಮಿತ್ ಬದುಕಿದ್ದಾಗಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೆ ‘ಸಸಿಮಡಿ’ ಎನ್ನುವ ಮೊದಲು ಇನ್ನೊಂದು ಸಂಗತಿ ನೋಡಿ. 1910ರ ಆಸುಪಾಸಿನಲ್ಲಿ ಬ್ರಿಟನ್ನಿನ ಯುದ್ಧ ಇಲಾಖೆ ಇಂಥ ಸಂಘಗಳನ್ನು ಹುಡುಗರಿಗೆ ಸೈನಿಕ ತರಬೇತಿ ಕೊಡುವ ತನ್ನ ಕೆಡೆಟ್ ಪಡೆಗೆ ಸೇರಿಸಿಕೊಳ್ಳಲು ಮುಂದಾಯಿತು. ಆಂಗ್ಲಿಕನ್ ಚರ್ಚಿನ ಹುಡುಗರ ಬ್ರಿಗೇಡ್ ಒಪ್ಪಿತು. ಸ್ಮಿತ್ ಅವರ ಸಂಸ್ಥೆ ಒಪ್ಪಲಿಲ್ಲ. ಸಿಪಾಯಿಗಳನ್ನು ಬೆಳೆಸುವುದೇ ಗುರಿಯಾಗಿದ್ದರೆ ತಾನಾಗಿ ಬಂದ ಸರ್ಕಾರಿ ಮನ್ನಣೆಯನ್ನು ಯಾರು ತಳ್ಳುತ್ತಾರೆ? ಕವಾಯತು ಅವರಿಗೆ ಹುಡುಗರನ್ನು ಬಾಗಿಲವರೆಗೆ ಕರೆತರುವ ಉಪಾಯವಾಗಿತ್ತು. ಒಳಗೆ ಬಂದ ಮೇಲೆ ಕ್ಲಬ್ ಕೋಣೆ, ವಾದ್ಯವೃಂದ, ಫುಟ್ಬಾಲ್, ಪ್ರಥಮ ಚಿಕಿತ್ಸೆ. 1886ರ ಬೇಸಿಗೆಯಲ್ಲಿ ಹುಡುಗರನ್ನು ಕಡಲಂಚಿನ ಟೈನಬ್ರುಯಿಕ್ ಎಂಬ ಊರಿಗೆ ಶಿಬಿರಕ್ಕೆ ಕರೆದೊಯ್ದರು. ಗುಡಾರವಿರಲಿಲ್ಲ, ಒಂದು ಸಭಾಭವನದಲ್ಲಿ ವಾಸ. ಕಾರ್ಖಾನೆ ಹೊಗೆಯ ಊರಿನ ಹುಡುಗರಿಗೆ ಅದೇ ಸ್ವರ್ಗವಾಗಿದ್ದೀತು.

ಕಡಲತೀರ:
ಒಂದು ಮಾತು ಸೇರಿಸುತ್ತೇನೆ. ಹುಡುಗರ ಕ್ಲಬ್ ಎಂಬ ಕಲ್ಪನೆ ಸ್ಮಿತ್ ಒಬ್ಬರದೇ ಅಲ್ಲ. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1860ರಲ್ಲಿಯೇ ಬೀದಿ ಹುಡುಗರಿಗಾಗಿ ಇಂಥದೊಂದು ಕ್ಲಬ್ ತೆರೆದಿತ್ತು, ಅದೂ ಮೂವರು ಹೆಂಗಸರಿಂದ. ಇಂದಿನ ‘ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್’ಗಳು ತಮ್ಮ ಬೇರನ್ನು ಅಲ್ಲಿ ಗುರುತಿಸುತ್ತವೆ. ಸಂಸ್ಥಾಪಕ ಎಂದೊಡನೆ ಮೀಸೆ ಹೊತ್ತ ಗಂಡಸಿನ ಚಿತ್ರವೇ ಏಕೆ ಬರಬೇಕು?

ಪುಸ್ತಕದಹುಳು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಬೇಡನ್ ಪೊವೆಲ್ ಅವರಿಗೂ ಇವರಿಗೂ ನಂಟು ಎಲ್ಲಿಯದು?

ಹಳೆಯ ಸ್ಕೌಟ್ ಮಾಸ್ತರ:
ಕಡಲತೀರ ಅವರ ಮಾತಿಗೆ ಎದುರಿಲ್ಲ.

ನಂಟಿನ ಕಥೆ ಹೀಗೆ. 1904ರಲ್ಲಿ ಬ್ರಿಗೇಡಿನ ಇಪ್ಪತ್ತೊಂದನೆಯ ವರ್ಷದ ಸಮಾರಂಭಕ್ಕೆ ಬೇಡನ್ ಪೊವೆಲ್ ಗ್ಲಾಸ್ಗೊಗೆ ಬಂದರು. ಸುಮಾರು 7,000 ಹುಡುಗರ ಪಥಸಂಚಲನ ನೋಡಿ ಬೆರಗಾದರು. ಒಟ್ಟು ಸದಸ್ಯರು 54,000 ಎಂದು ಸ್ಮಿತ್ ಹೇಳಿದಾಗ, ತರಬೇತಿಯಲ್ಲಿ ಇನ್ನಷ್ಟು ವೈವಿಧ್ಯವಿದ್ದರೆ ಅದರ ಹತ್ತು ಪಟ್ಟು ಸೇರುತ್ತಾರೆ ಎಂದು ಬೇಡನ್ ಪೊವೆಲ್ ಅಂದರು. ಹಾಗಾದರೆ ಸೈನಿಕರಿಗೆಂದು ಬರೆದಿರುವ ನಿಮ್ಮ ಸ್ಕೌಟಿಂಗ್ ಕೈಪಿಡಿಯನ್ನು ಹುಡುಗರಿಗಾಗಿ ತಿದ್ದಿ ಬರೆಯಿರಿ ಎಂದು ಸ್ಮಿತ್ ಸೂಚಿಸಿದರು. ತನ್ನ ಸಂಸ್ಥೆಯನ್ನು ಟೀಕಿಸಿದವನಿಗೇ ಕೆಲಸ ಒಪ್ಪಿಸುವ ಔದಾರ್ಯ ಎಲ್ಲರಿಗೂ ಬರುವಂಥದ್ದಲ್ಲ. 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಯೋಗಾತ್ಮಕ ಸ್ಕೌಟ್ ಶಿಬಿರಕ್ಕೆ ಸಿರಿವಂತರ ಮಕ್ಕಳ ಜೊತೆ ಪೂಲ್ ಮತ್ತು ಬೋರ್ನ್‌ಮತ್ ಬ್ರಿಗೇಡ್‌ಗಳ ಹುಡುಗರೂ ಬಂದಿದ್ದರು. ಬೇಡನ್ ಪೊವೆಲ್ ಮೊದಲಿಗೆ ಬೇರೆ ಸಂಸ್ಥೆ ಕಟ್ಟಲು ಹೊರಟವರಲ್ಲ. ಇರುವ ಸಂಘಗಳಿಗೆ ಹೊಸ ಚಟುವಟಿಕೆ ಕೊಡುವುದು ಅವರ ಇರಾದೆ. ಹುಡುಗರೇ ತಾವಾಗಿ ಸ್ಕೌಟ್ ದಳ ಕಟ್ಟಿಕೊಂಡದ್ದರಿಂದ ಸ್ಕೌಟಿಂಗ್ ಬೇರೆಯಾಗಿ ಬೆಳೆಯಿತು, ಸ್ಮಿತ್ ಹೆಸರು ಹಿಂದೆ ಸರಿಯಿತು.

ಸ್ಮಿತ್‌ಗೆ 1909ರಲ್ಲಿ ಸರ್ ಪದವಿ ಬಂತು. 1914ರ ಮೇ 10ರಂದು, ಮಹಾಯುದ್ಧಕ್ಕೆ ಮೂರು ತಿಂಗಳಿರುವಾಗ, ಲಂಡನ್ನಿನಲ್ಲಿ ತೀರಿಕೊಂಡರು.

ನಿಮ್ಮ ಮಕ್ಕಳಿಗೆ ಇಸವಿಗಳ ಗೊಡವೆ ಬೇಡ. ಎಂಟು ಗಂಟೆಯ ನಿಯಮದ ಕಥೆ ಹೇಳಿ, ಅದು ಸರಿಯೋ ತಪ್ಪೋ ಎಂದು ಅವರವರಲ್ಲೇ ಜಗಳ ಹಚ್ಚಿ. ನಿಮ್ಮ ಸಮಯ ಅದರಲ್ಲೇ ಮುಗಿದುಹೋಗುತ್ತದೆ.