ಹಳೇ ಕೋಳಿ ಹೊಸಾ ಮರಿನ ಬಿಡವಲ್ವು: ಪಶುವೈದ್ಯರಿಗೆ ಕೇಳ್ರಿ

ಅಡ್ಮಿನ್: ಇವತ್ತು ಸಂಜೀಕ ಡಾಕ್ಟರ್ ಮೇಡಂ ಗುಂಪಿನ್ಯಾಗ ಇರ್ತಾರ. ವಿಷಯ ಒಂದ, ಹಳೇ ಕೋಳಿ ನಡುವ ಹೊಸಾ ಮರಿ ಬಿಡೋದು. ಮರಿ ವಯಸ್ಸು, ತಳಿ, ಎಷ್ಟ ಅದಾವು, ಲಸಿಕಿ ಆಗೇತೋ ಇಲ್ಲೋ, ಎಲ್ಲಾ ಬರದ ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಕುಂದಗೋಳ ಸದಸ್ಯ: ನಮಸ್ಕಾರ್ರಿ ಮೇಡಂ. ಆರು ಜವಾರಿ ಹ್ಯಾಟಿ, ಒಂದು ಹುಂಜ. ಹೊಸಾವು ಎಂಟು, ವಯಸ್ಸು ಎಂಟು ವಾರ, ಮನ್ಯಾಗ ಮರಿ ಮಾಡಿಸಿದ್ದು, ಲಸಿಕಿ ಆಗೇತಿ. ನಿನ್ನೆ ಒಳಗ ಬಿಟ್ಟೀವಿ. ಒಂದು ಹ್ಯಾಟಿ ಬೆನ್ನ ಹತ್ತಿ ಹೋಗಿ ತಲಿಗೇ ಕುಕ್ಕತೈತಿ. ತಗೀಬೇಕೋ ಇರ್ಲೋ?

ಡಾಕ್ಟರ್: ತಗೀರಿ. ಒಂದೆರಡು ಸಲ ಕುಕ್ಕಿ, ನಾಕು ಹೆಜ್ಜೆ ಓಡಿಸಿ ಬಿಟ್ಟರೆ ಅದು ಸಹಜ. ಯಾರು ದೊಡ್ಡವರು ಅಂತ ಅವು ಹಂಗೇ ತೀರ್ಮಾನ ಮಾಡ್ಕೋತಾವ. ಮೂಲೆಗೆ ಹಾಕಿ ಬಿಡದ ಕುಕ್ಕಿದರೆ, ರಕ್ತ ಬಂದರೆ, ಅಥವಾ ಮರಿ ಮೇವಿಗೆ ಬರಲಿಕ್ಕೇ ಹೆದರಿದರೆ ಬೇರೆ ಮಾಡಬೇಕು. ರಾತ್ರಿ ಮರಿ ಹಿಡಿದು ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡ್ರಿ. ಖಾಲಿ ಇದ್ದರೆ ಹಗಲೆಲ್ಲಾ ಉಪವಾಸ ಇತ್ತು ಅಂತ ತಿಳೀರಿ.

ಅದೇ ಗೂಡಿನ ಒಂದು ಭಾಗಕ್ಕೆ ಅರ್ಧ ಇಂಚಿನ ಜಾಳಿಗೆ ಹೊಡೆದು ಮರಿ ಆ ಕಡೆ ಹಾಕ್ರಿ. ದೊಡ್ಡ ಕಣ್ಣಿನ ಜಾಳಿಗೆ ಆದರೆ ಮರಿ ತಲೆ ಹೊರಗೆ ಹಾಕಿ ಅಲ್ಲೇ ಕುಕ್ಕಿಸಿಕೋತಾವ. ಎರಡೂ ಕಡೆ ಮೇವಿನ ತಟ್ಟೆ ಜಾಳಿಗೆಗೆ ಹತ್ತಿಸಿ ಇಡ್ರಿ, ಒಂದನ್ನೊಂದು ನೋಡಿಕೋತ ತಿನ್ನಲಿ. ಕನಿಷ್ಠ ಎರಡು ವಾರ. ಆಮೇಲೆ ಕತ್ತಲಾಗೋಕೆ ಒಂದು ತಾಸು ಮೊದಲು ಬಾಗಿಲು ತೆಗೀರಿ. ಮೇವು, ನೀರು ಎರಡೆರಡು ಕಡೆ ಇರಬೇಕು, ನಡುವೆ ಆರು ಫೂಟು ಅಂತರ. ಜ್ವಾಳದ ಕಣಿಕಿ ಸಿವುಡು ಗೋಡೆಗೆ ಆನಿಸಿ ನಿಲ್ಲಿಸ್ರಿ, ಮರಿ ಹಿಂದೆ ನುಸುಳಲಿ. ಎರಡೂ ತುದಿ ತೆರೆದಿರಬೇಕು. ಒಂದ ಕಡೆ ಮುಚ್ಚಿದ್ದರೆ ಅಲ್ಲೇ ಸಿಕ್ಕು ಸಾಯ್ತಾವ.

ಕುಕ್ಕೋ ಹ್ಯಾಟಿ ಒಂದೇ ಅಂತ ಖಾತ್ರಿ ಇದ್ದರೆ ಅದನ್ನ ನಾಕೈದು ದಿನ ಕಣ್ಣಿಗೆ ಕಾಣದಂಗ ಬೇರೆ ಇಡ್ರಿ. ತಿರುಗಿ ಬಂದಾಗ ಅದೇ ಹೊಸದು ಆಗಿರ್ತದ, ಜೋರು ಇಳಿದಿರ್ತದ. ಬಹಳ ಜನ ಉಲ್ಟಾ ಮಾಡ್ತಾರ, ಪೆಟ್ಟು ತಿಂದ ಮರಿನ ಕಣ್ಣಿಗೆ ಕಾಣದಂಗ ದೂರ ಇಡ್ತಾರ. ಗಾಯ ಇಲ್ಲದ ಮರಿ ಹಂಗ ದೂರ ಇಟ್ಟರ ಮತ್ತ ಮೊದಲಿಂದ ಶುರು.

ಶಿಗ್ಗಾಂವಿ ಸದಸ್ಯ: ರಾತ್ರಿ ಕತ್ತಲದಾಗ ಗೂಡಿನೊಳಗ ಇಟ್ಟರ ಮುಂಜಾನೆ ಗೊತ್ತಾಗೂದಿಲ್ಲ ಅಂತಾರಲ್ರಿ?

ಡಾಕ್ಟರ್: ಗೊತ್ತಾಗ್ತದ. ಜಾಳಿಗೆ ಹಾಕಿ ಎರಡು ವಾರ ಆದಮೇಲೆ ರಾತ್ರಿ ಬಿಟ್ಟರೆ ನಡೀತದ. ಬರೇ ರಾತ್ರಿ ಬಿಟ್ಟರೆ ಇಲ್ಲ.

ರೋಣ ಸದಸ್ಯ: ಮೇಡಂ, ಸಂತ್ಯಾಗ ಹನ್ನೆರಡು ಮರಿ ತಂದು ಅವತ್ತ ಹಳೇ ಕೋಳಿ ಜೋಡಿ ಬಿಟ್ಟೀವಿ. ವಾರ ಆತು. ತಲಿಗೆ ಕುಕ್ಕಿ ಕುಕ್ಕಿ ಒಂದರ ಕುತ್ತಿಗಿ ತಿರುವಿಕೊಂಡೈತಿ, ಎರಡು ಮೂಲ್ಯಾಗ ತೂಕಡಿಸ್ತಾವ. ಯಾವ ಎಣ್ಣಿ ಹಚ್ಚಬೇಕು?

ಡಾಕ್ಟರ್: ಎಣ್ಣೆ ಆಮೇಲೆ. ಹಿಕ್ಕೆ ಯಾವ ಬಣ್ಣ? ಬಾಯಿ ತೆರೆದು ಉಸಿರಾಡ್ತಾವಾ? ಹಳೇವು ತತ್ತಿ ಸರಿ ಇಡ್ತಾವಾ? ಲಸಿಕೆ?

ಬ್ಯಾಡಗಿ ಸದಸ್ಯ: (ಫಾರ್ವರ್ಡ್) ಕೋಳಿ ಕುಕ್ಕಿದ ಜಾಗಕ್ಕೆ ಖಾರದಪುಡಿ, ಹಳೇ ಎಂಜಿನ್ ಆಯಿಲ್ ಕಲಿಸಿ ಹಚ್ಚಿರಿ. ಕುಡಿಯುವ ನೀರಿಗೆ ಒಂದು ಹಿಡಿ ಉಪ್ಪು ಹಾಕಿರಿ. ಎಲ್ಲರಿಗೂ ಕಳಿಸಿರಿ 🙏🙏

ರೋಣ ಸದಸ್ಯ: ಹಿಕ್ಕಿ ಹಸರ ಐತ್ರಿ. ಮೊನ್ನೆ ಒಂದು ಹಳೇ ಹ್ಯಾಟಿ ಗಟ್ಟಿ ಚಿಪ್ಪಿಲ್ಲದ ತೊಗಲ ತತ್ತಿ ಇಟ್ಟೈತಿ. ಲಸಿಕಿ ಹಾಕಿಲ್ರಿ.

ಡಾಕ್ಟರ್: ರೋಣದವರೇ, ಇದು ಜಗಳದ ಗಾಯ ಅಂತ ನನಗ ಅನಿಸೂದಿಲ್ಲ. ರಾಣಿಖೇತ್, ಅಂದ್ರ ಕೋಳಿಗೆ ಬರೋ ವೈರಾಣು ರೋಗ, ಅಂತ ತಿಳಿದೇ ನಡೀರಿ. ವೈರಾಣು ಹೊಕ್ಕ ಮೇಲೆ ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣ ಕಾಣ್ತದ, ಕೆಲವೊಮ್ಮೆ ಹದಿನೈದು ದಿನದ ತನಕ. ನಿಮ್ಮ ಲೆಕ್ಕಕ್ಕೆ ಸರಿ ಕೂಡ್ತದ. ಹಸಿರು ಹಿಕ್ಕೆ, ತೂಕಡಿಕೆ, ಕುತ್ತಿಗೆ ತಿರುವೋದು, ಹಳೇವಕ್ಕೆ ತೊಗಲು ತತ್ತಿ, ಎಲ್ಲಾ ಒಂದೇ ಕಡೆ ಬೆರಳು ತೋರಸ್ತಾವ. ಜೀವಸತ್ವ ಕಡಿಮೆ ಆದರೂ ಮರಿ ಕುತ್ತಿಗೆ ತಿರುವತಾವ, ಆದರೆ ಅದಕ್ಕೆ ಹಳೇ ಹ್ಯಾಟಿ ತತ್ತಿ ಕೆಡೋದಿಲ್ಲ. ಕುಕ್ಕಿದ್ದಕ್ಕ ರೋಗ ಬಂದಿಲ್ಲ, ರೋಗ ಬಂದ ಮರಿ ನಿತ್ರಾಣ ಆಗಿದ್ದಕ್ಕ ಕುಕ್ಕಾಕತ್ತಾವ.

ಈಗ ಮಾಡೋದು: ಕುತ್ತಿಗೆ ತಿರುವಿದ್ದು, ತೂಕಡಿಸೋ ಎರಡು, ಮೂರೂ ಬೇರೆ ಕೋಣೆಗೆ. ಮೊದಲು ಚಲೋ ಇದ್ದವಕ್ಕ ಮೇವು ಹಾಕ್ರಿ, ಕಡೀಕ ಇವಕ್ಕ. ಚಪ್ಪಲಿ, ಬಕೆಟ್ ಬೇರೆ. ಇದಕ್ಕ ಔಷಧ ಇಲ್ಲ. ಅಂಗಡಿಯವರು ಕೊಡೋ ಪ್ರತಿಜೀವಕ ವೈರಾಣುವಿಗೆ ಕೆಲಸ ಮಾಡೂದಿಲ್ಲ. ಸತ್ತದ್ದು ಹಳ್ಳಕ್ಕೆ, ತಿಪ್ಪೆಗೆ ಒಗೀಬ್ಯಾಡ್ರಿ, ನಾಯಿ ಎಳದು ಊರಿಗೆಲ್ಲಾ ಹಂಚತಾವ. ಆಳವಾಗಿ ತಗ್ಗು ತೋಡಿ ಸುಣ್ಣ ಹಾಕಿ ಹುಗೀರಿ. ಉಳಿದವನ್ನ ಸಂತಿಗೆ ಒಯ್ಯಬ್ಯಾಡ್ರಿ. ಬೀಗರಿಗೂ ಕೊಡಬ್ಯಾಡ್ರಿ. ನಾಳೆ ಮುಂಜಾನೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸ್ರಿ, ಇಲ್ಲಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡ್ರಿ. ಒಮ್ಮೆಲೇ ಬಹಳ ಕೋಳಿ ಸತ್ತರೆ, ಜುಟ್ಟು ನೀಲಿ ಆದರೆ ಮುಂಜಾನೆ ತನಕ ಕಾಯಬ್ಯಾಡ್ರಿ, ಅದು ಹಕ್ಕಿಜ್ವರನೂ ಇರಬಹುದು. ಚಲೋ ಇದ್ದವಕ್ಕ ರಾಣಿಖೇತ್‌ನ ಸೌಮ್ಯ ಲಸಿಕೆ ಲಸೋಟಾ ಹಾಕಬೇಕೋ ಬ್ಯಾಡೋ ಅಲ್ಲಿಯವರು ನೋಡಿ ಹೇಳ್ತಾರ. ಅವರನ್ನ ಕೇಳದ ಆರ್‌ಟುಬಿ ಹಾಕಿಸಬ್ಯಾಡ್ರಿ. ಅದು ಬಲವಾದ ಲಸಿಕೆ, ಮೊದಲು ಲಸೋಟಾ ಆಗದ ಕೋಳಿ ತಡಕೊಳ್ಳೂದಿಲ್ಲ.

ಸಂತಿ ಮರಿ ಯಾರೇ ತಂದರೂ ಮೊದಲು 30 ದಿನ ದೂರ ಇಡ್ರಿ. ಜಾಳಿಗೆ ಆಚೆ ಅಲ್ಲ, ಹಿತ್ತಲದ ಇನ್ನೊಂದು ತುದಿಗೆ. ಜಾಳಿಗೆ ಕೊಕ್ಕು ತಡೀತದ, ಸೀನು ತಡಿಯೂದಿಲ್ಲ.

ಹಾನಗಲ್ ಸದಸ್ಯ: ಜವಾರಿ ಕೋಳಿಗೆ ಲಸಿಕಿ ಯಾಕ್ರಿ? ನಮ್ಮ ಅಜ್ಜನ ಕಾಲದಾಗ ಯಾರ ಹಾಕ್ತಿದ್ರು? ರೋಗ ಎಲ್ಲಾ ಈ ಸುಧಾರಿತ ತಳಿ ಗಿರಿರಾಜಾ ಬಂದಮ್ಯಾಲೆ.

ಲಕ್ಷ್ಮೇಶ್ವರ ಸದಸ್ಯ: ಅಜ್ಜನ ಕಾಲದಾಗ ಬ್ಯಾಸಗಿ ಬಂತಂದ್ರ ಓಣಿ ಓಣಿ ಕೋಳಿ ಸಾಯ್ತಿದ್ವು ಅಣ್ಣಾರ. ಅದನ್ನ ಕೋಳಿ ಬ್ಯಾನಿ ಅಂತಿದ್ರು, ಅಷ್ಟ.

ಹಾನಗಲ್ ಸದಸ್ಯ: ಮಾರೋರ ಮಾತು ಇವು. ನಿಮ್ಮದ ಅಂಗಡಿ ಐತೇನ?

ಲಕ್ಷ್ಮೇಶ್ವರ ಸದಸ್ಯ: ಅಂಗಡಿ ಇಲ್ಲ, ತಲಿ ಐತಿ.

ಅಡ್ಮಿನ್: ಇಬ್ಬರೂ ಸಾಕು ಮಾಡ್ರಿ.

ಡಾಕ್ಟರ್: ಜವಾರಿಗೂ ರಾಣಿಖೇತ್ ಬರ್ತದ. 5ರಿಂದ 7ನೇ ದಿನಕ್ಕೆ ಕಣ್ಣಿಗೆ ಒಂದು ಹನಿ ಲಸೋಟಾ, 28ನೇ ದಿನಕ್ಕೆ ಮತ್ತೊಮ್ಮೆ, ಎಂಟು ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ಮಂಜುಗಡ್ಡಿ ಮ್ಯಾಲ ಒಯ್ದು, ಕಲಿಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಇದರ ಮ್ಯಾಲ ವಾದ ಬ್ಯಾಡ.

ಬ್ಯಾಡಗಿಯವರ ಫಾರ್ವರ್ಡ್‌ಗೆ: ಹಕ್ಕಿಗೆ ಖಾರದ ಉರಿ ಹತ್ತೂದೇ ಇಲ್ಲ. ಗಿಳಿ ಮೆಣಸಿನಕಾಯಿ ತಿನ್ನೋದು ನೋಡಿಲ್ಲೇನು? ಎಂಜಿನ್ ಆಯಿಲ್ ವಿಷ, ಪುಕ್ಕ ತೀಡುವಾಗ ಹೊಟ್ಟೆಗೆ ಹೋಗ್ತದ. ಉಪ್ಪು ಕಡಿಮೆ ಆದರೆ ಕೋಳಿ ಕುಕ್ಕತಾವ ಅನ್ನೋದು ಖರೆ, ಆದರೆ ಕಂಪನಿ ಮೇವಿನ್ಯಾಗ ಬೇಕಾದಷ್ಟು ಉಪ್ಪು ಇರ್ತದ. ಮ್ಯಾಲ ಹಿಡಿ ಹಾಕಿದರೆ ಹಿಕ್ಕೆ ನೀರಾಗಿ ಮರಿ ಸಾಯ್ತಾವ. ಗಾಯಕ್ಕೆ ಪೊವಿಡೋನ್ ಅಯೋಡಿನ್, ಮ್ಯಾಲ ನೇರಳೆ ಬಣ್ಣದ ಜೆನ್ಶನ್ ವಯಲೆಟ್. ಕೆಂಪು ಕಾಣದಂಗ ಮುಚ್ಚಬೇಕು, ಕೆಂಪು ಕಂಡಲ್ಲೇ ಮತ್ತ ಕುಕ್ಕತಾವ. ಗಾಯ ಮಾಯುವ ತನಕ ಒಳಗ ಬಿಡಬ್ಯಾಡ್ರಿ.

ಬ್ಯಾಡಗಿ ಸದಸ್ಯ: ನಾ ಬರೇ ಬಂದದ್ದು ಕಳಿಸೀನಿ ಮೇಡಂ.

ಡಾಕ್ಟರ್: ಅದಕ್ಕೇ ಹೇಳಿದ್ದು.

ರಾಣೆಬೆನ್ನೂರು ಸದಸ್ಯ: ಟರ್ಕಿ ಮರಿ ಕೋಳಿ ಜೋಡಿ ಬಿಡಬಹುದಾ? ಕಡಕನಾಥ ಮರಿ ಎಲ್ಲಿ ಸಿಗ್ತಾವ?

ಕಲಘಟಗಿ ಸದಸ್ಯ: ಐದು ಇಂಚಿನ ಕಿಂಡಿ ಮಾಡಿ ಮರಿಗೆ ಬೇರೆ ಮೇವಿಟ್ಟೀವಿ. ಹ್ಯಾಟಿನೂ ತೂರತಾವ. ಮರಿ ಗಿರಿರಾಜಾ, ಹ್ಯಾಟಿ ಜವಾರಿ.

ಡಾಕ್ಟರ್: ಗಿರಿರಾಜಾ ಎಂಟು ವಾರಕ್ಕೆ ಕಿಲೋ ಹತ್ತಿರ ಬರ್ತಾವ, ನಿಮ್ಮ ಹ್ಯಾಟಿನೂ ಹೆಚ್ಚುಕಡಿಮೆ ಅಷ್ಟೇ. ಕಿಂಡಿ ಕೆಲಸ ಮಾಡೂದಿಲ್ಲ, ಜಾಳಿಗೆನೇ ಹಾಕ್ರಿ. ಕೂಡಿಸುವಾಗ ವಯಸ್ಸು ನೋಡಬ್ಯಾಡ್ರಿ, ಗಾತ್ರ ನೋಡ್ರಿ. ಇನ್ನೊಂದು, ಕೂಡಿಸಿದ ಮೇಲೆ ತತ್ತಿ ಕೋಳಿ ಮೇವು ಎಲ್ಲಕ್ಕೂ ಹಾಕಬ್ಯಾಡ್ರಿ. ಅದರಾಗ ಸುಣ್ಣದಂಶ ಶೇಕಡಾ 3.5ರ ಮೇಲಿರ್ತದ, ಮರಿ ಮೂತ್ರಪಿಂಡ ಹಾಳಾಗ್ತದ. ಎಲ್ಲಕ್ಕೂ ಬೆಳವಣಿಗೆ ಮೇವು ಹಾಕಿ, ಚಿಪ್ಪಿನ ಚೂರು ಬೇರೆ ಬಟ್ಟಲದಾಗ ಇಡ್ರಿ. ಹ್ಯಾಟಿ ಬೇಕಾದಷ್ಟು ತಿಂತಾವ.

ನವಲಗುಂದ ಸದಸ್ಯ: ಕೂಡಿಸಿ ಹತ್ತು ದಿನಕ್ಕ ನಾಕು ವಾರದ ಮರಿ ಹಿಕ್ಕ್ಯಾಗ ರಕ್ತ. ಕುಕ್ಕಿ ಒಳಗ ಪೆಟ್ಟಾಗೇತೇನ್ರಿ?

ಡಾಕ್ಟರ್: ಅಲ್ಲ. ಕಾಕ್ಸಿಡಿಯಾ, ಕರುಳಿನ್ಯಾಗ ಬೆಳೆಯೋ ಪರಾವಲಂಬಿ ಜೀವಿ. ಹಳೇ ಕೋಳಿ ಹಾಸಿನಿಂದ ಬಂದದ್ದು, ಅವು ತಡಕೋತಾವ, ಮರಿ ತಡಕೊಳ್ಳೂದಿಲ್ಲ. ಹಸಿ ಹಾಸು ಬಳದು ಒಣ ಭತ್ತದ ಹೊಟ್ಟು ಹಾಕ್ರಿ. ಹಿಕ್ಕೆ ಆಸ್ಪತ್ರೆಗೆ ಒಯ್ಯಿರಿ, ಅದರ ಔಷಧ ಆಂಪ್ರೋಲಿಯಂ ಎಷ್ಟು ಅಂತ ಅಲ್ಲಿ ಬರದು ಕೊಡ್ತಾರ. ನಾಕು ವಾರದ್ದು ಕೂಡಿಸಿದ್ದೇ ಅವಸರ.

ಹಾವೇರಿ ಸದಸ್ಯ: ಕೊಕ್ಕಿನ ತುದಿ ಬ್ಲೇಡಿನಿಂದ ಕತ್ತರಿಸಿದರ ಕುಕ್ಕೂದು ನಿಲ್ತದಲ್ರಿ?

ಡಾಕ್ಟರ್: ಮಾಡಬ್ಯಾಡ್ರಿ. ಕೊಕ್ಕಿನೊಳಗ ನರ ಅದಾವ. ಇಕ್ಕಟ್ಟು ಕಡಿಮೆ ಮಾಡ್ರಿ, ಒಳಗ ಒಂದು ಕೋಳಿಗೆ ಎರಡು ಚದರ ಫೂಟು.

ಹಾನಗಲ್ ಸದಸ್ಯ: ಎಲ್ಲಾದಕ್ಕೂ ಬ್ಯಾಡ ಬ್ಯಾಡ ಅಂದ್ರ ಮತ್ತ ಮಾಡೂದು ಏನ್ರಿ?

ಲಕ್ಷ್ಮೇಶ್ವರ ಸದಸ್ಯ: ಮ್ಯಾಲ ಗೇಣುದ್ದ ಬರದಾರ, ಓದಾಕ ಬರೂದಿಲ್ಲೇನ?

ಧಾರವಾಡ ಸದಸ್ಯ: ಮೇಡಂ, ರಾತ್ರಿ ಕತ್ತಲದಾಗ ಬಿಟ್ಟರ ನಡೀತದೇನ್ರಿ?

ಡಾಕ್ಟರ್: ಮ್ಯಾಲ ಐತಿ.

ರೋಣ ಸದಸ್ಯ: ಮೇಡಂ, ಆ ಮೂರರಾಗ ಒಂದು ಸತ್ತೈತಿ. ಚಲೋ ಇದ್ದ ಒಂಬತ್ತು ಮರಿಗೆ ಗಿರಾಕಿ ಕಡಿಮಿ ರೇಟಿಗೆ ಈಗ ಕೇಳಾಕತ್ತಾನ.

ಡಾಕ್ಟರ್: ಕೊಡಬ್ಯಾಡ್ರಿ. ಅವನ ಗಾಡಿ ಇನ್ನೂ ಎಷ್ಟು ಊರಿಗೆ ಹೋಗ್ತದ ನೋಡ್ರಿ. ಸತ್ತದ್ದು ಹುಗೀಬ್ಯಾಡ್ರಿ ಈಗಲೇ. ಎರಡು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಮಂಜುಗಡ್ಡಿ ಮ್ಯಾಲ ಇಡ್ರಿ, ಮುಂಜಾನೆ ಆಸ್ಪತ್ರೆಯವರಿಗೆ ಪರೀಕ್ಷೆಗೆ ಬೇಕಾಗ್ತದ. ಅಡಗಿಮನಿ ಫ್ರಿಜ್‌ನ್ಯಾಗ ಇಡಬ್ಯಾಡ್ರಿ.