ಹತ್ತನೆಯ ತರಗತಿ ಮುಗಿಯುತ್ತಿದೆ, ಮಗನನ್ನು ಊರಿಗೆ ಕಳುಹಿಸಬೇಕೇ?

ಶಾರ್ಜಾ, ಉಡುಪಿ ಮೂಲ
ಎಲ್ಲರಿಗೂ ನಮಸ್ಕಾರ. ಈ ಗುಂಪಿಗೆ ಸೇರಿ ಮೂರು ವರ್ಷವಾಯಿತು, ಇದುವರೆಗೆ ಒಂದು ಸಾಲನ್ನೂ ಬರೆದವಳಲ್ಲ. ಮಗ ಇಲ್ಲಿಯ ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೆಯ ತರಗತಿ. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಹನ್ನೊಂದಕ್ಕೆ ಇಲ್ಲಿಯೇ ಮುಂದುವರಿಯುತ್ತಾನೋ ಇಲ್ಲವೋ ಎಂದು ತಿಳಿಸಲು ಶಾಲೆಯವರು ಒಂದು ನಮೂನೆ ಕೊಟ್ಟಿದ್ದಾರೆ, ಮುಂದಿನ ಗುರುವಾರದೊಳಗೆ ತುಂಬಿ ಕೊಡಬೇಕು. ಅತ್ತೆಯವರು ಫೋನ್ ಮಾಡಿದಾಗಲೆಲ್ಲ "ಮಾಣಿಯನ್ನು ಊರಿಗೆ ಕಳುಹಿಸಿ, ನನ್ನ ಕಣ್ಣೆದುರು ಪಿಯುಸಿ ಓದಲಿ" ಎನ್ನುತ್ತಾರೆ. ನಮ್ಮ ಯಜಮಾನರು ಬೇಡ ಎನ್ನುತ್ತಾರೆ. ಹಾಗಾದರೆ ಹನ್ನೆರಡು ಮುಗಿದ ಮೇಲೆ ಏನು ಎಂದು ಕೇಳಿದರೆ ಅವರೂ ಸುಮ್ಮನಾಗುತ್ತಾರೆ. ಇಲ್ಲಿ ಓದಿದ ಮಕ್ಕಳಿಗೆ ಮುಂದೆ ಯಾವ ಕೋರ್ಸುಗಳು ಸಿಗುತ್ತವೆ? ಎಲ್ಲಿ? ಊರಿನ ಕಾಲೇಜುಗಳಲ್ಲಿ ಇವರಿಗೆ ಜಾಗ ಇರುತ್ತದೆಯೇ? ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ.

ದುಬೈ, ಪುತ್ತೂರು ಮೂಲ
ತಂಗಿ ಎಂದು ತಿಳಿದು ಹೇಳುತ್ತೇನೆ, ಕಳುಹಿಸಿಬಿಡಿ. ನಾನು ಈ ದೇಶಕ್ಕೆ ಬಂದು 26 ವರ್ಷವಾಯಿತು. ಇಬ್ಬರು ಗಂಡುಮಕ್ಕಳನ್ನೂ ಹತ್ತು ಮುಗಿದ ಕೂಡಲೇ ಊರಿನ ಹಾಸ್ಟೆಲ್‌ಗೆ ಸೇರಿಸಿದೆ. ದಕ್ಷಿಣ ಕನ್ನಡದ ಪಿಯು ಕಾಲೇಜುಗಳ ಶಿಸ್ತು ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ, ಮೊಬೈಲ್ ಕೈಗೆ ಕೊಡುವುದಿಲ್ಲ, ವಾರಕ್ಕೊಂದು ಪರೀಕ್ಷೆ ಇಡುತ್ತಾರೆ. ಇಲ್ಲಿ ನಮ್ಮ ಮಕ್ಕಳು ಎಸಿ ಬಸ್ಸಿನಿಂದ ಇಳಿದು ಎಸಿ ಕೋಣೆಗೆ ಹೋಗುತ್ತಾರೆ, ಅಲ್ಲಿಂದ ಮಾಲ್‌ಗೆ ಹೋಗುತ್ತಾರೆ. ಹೊಟ್ಟೆಯ ಕಷ್ಟ ಗೊತ್ತಿಲ್ಲ, ಜನರ ಕಷ್ಟ ಗೊತ್ತಿಲ್ಲ. ದೊಡ್ಡವನು ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮಳೆಗಾಲದಲ್ಲಿ ತೋಟಕ್ಕೆ ಬಂದು ಅಡಿಕೆಗೆ ಮದ್ದು ಬಿಡುವಾಗ ಜೊತೆಯಲ್ಲಿ ನಿಲ್ಲುತ್ತಾನೆ. ಇದಕ್ಕಿಂತ ಹೆಚ್ಚು ಏನು ಬೇಕು?

ಅಬುಧಾಬಿ, ಹಾಸನ ಮೂಲ
ಅಕ್ಕ, ನಮೂನೆಗೆ ಸಹಿ ಹಾಕುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ನಮ್ಮ ಮಗಳು ಈ ದಾರಿಯಲ್ಲೇ ಹೋಗಿ ಈಗ ಒಂದು ಎನ್‌ಐಟಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ತಾಂತ್ರಿಕ ಸಂಸ್ಥೆಯಲ್ಲಿ, ಮೂರನೆಯ ವರ್ಷ ಓದುತ್ತಿದ್ದಾಳೆ.

ಹೊರದೇಶದಲ್ಲಿ ಓದಿದ ಮಕ್ಕಳಿಗೆ ಎನ್‌ಐಟಿಗಳಲ್ಲೂ ಕೇಂದ್ರದ ಬೇರೆ ಕೆಲವು ಸಂಸ್ಥೆಗಳಲ್ಲೂ ಹೆಚ್ಚುವರಿ ಸೀಟುಗಳಿವೆ. ಈ ಯೋಜನೆಗೆ ಡಾಸಾ ಎನ್ನುತ್ತಾರೆ. ಹಿಂದೆ ಅಮೆರಿಕದ ಸ್ಯಾಟ್ ಪರೀಕ್ಷೆಯ ಅಂಕ ನೋಡುತ್ತಿದ್ದರು, 2021ರಿಂದ ನಮ್ಮ ದೇಶದ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನ ರ‍್ಯಾಂಕ್ ನೋಡುತ್ತಾರೆ. ಅದರೊಳಗೆ ಕೊಲ್ಲಿಯಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದೇ ಸಿಐಡಬ್ಲ್ಯುಜಿ ಎಂಬ ವಿಭಾಗವಿದೆ. ವ್ಯತ್ಯಾಸ ಎಲ್ಲಿದೆ ನೋಡಿ. ನಮ್ಮವರು ಸಾಮಾನ್ಯ ಡಾಸಾದಲ್ಲಿ ಸೇರಿದರೆ ಟ್ಯೂಷನ್ ಶುಲ್ಕವೇ ಸೆಮಿಸ್ಟರ್‌ಗೆ 4,000 ಡಾಲರ್. ಸಿಐಡಬ್ಲ್ಯುಜಿಯಲ್ಲಿ ಸೀಟು ಸಿಕ್ಕರೆ ಭಾರತದಲ್ಲೇ ಬೆಳೆದ ಮಕ್ಕಳು ಕಟ್ಟುವಷ್ಟೇ ಟ್ಯೂಷನ್ ಶುಲ್ಕ. ಸಂಬಳದಲ್ಲಿ ಬದುಕುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಆದರೆ ಇದಕ್ಕೆ ಹನ್ನೊಂದು ಮತ್ತು ಹನ್ನೆರಡನ್ನು ಹೊರದೇಶದಲ್ಲೇ ಓದಿ ಅಲ್ಲಿಯೇ ತೇರ್ಗಡೆಯಾಗಿರಬೇಕು. ಮಗನನ್ನು ಪಿಯುಸಿಗೆ ಊರಿಗೆ ಕಳುಹಿಸಿದ ದಿನವೇ ಈ ಬಾಗಿಲು ಮುಚ್ಚುತ್ತದೆ.

ಎರಡನೆಯದು, ಕೆಸಿಇಟಿ, ಅಂದರೆ ಇಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ಕರ್ನಾಟಕ ನಡೆಸುವ ಪ್ರವೇಶ ಪರೀಕ್ಷೆ. ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡರ ನಡುವೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಇಲ್ಲವೇ ಹನ್ನೊಂದು ಮತ್ತು ಹನ್ನೆರಡನ್ನು ಅಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದವರಾಗಿರಬೇಕು. ಮಗ ಉಡುಪಿಯಲ್ಲಿ ಎಷ್ಟನೆಯ ತರಗತಿಯವರೆಗೆ ಓದಿದ್ದಾನೆ? ಅದನ್ನು ಹೇಳಿ, ಮುಂದಿನದನ್ನು ಮಾತನಾಡೋಣ.

ಕುವೈತ್, ಕಾಸರಗೋಡು ಮೂಲ
ಪುತ್ತೂರಿನ ಅಣ್ಣನ ಮಾತಿನಂತೆಯೇ ನಾನೂ ಮಾಡಿದೆ. ಇಲ್ಲಿ ಕುವೈತ್‌ನಲ್ಲಿ ಮುಂದಿನ ಓದಿಗೆ ದುಬೈಯಷ್ಟು ಅವಕಾಶವಿಲ್ಲ, ಬೇರೆ ದಾರಿ ಕಾಣಲಿಲ್ಲ. ಮಗಳಿಗೆ ಆಗ ಹದಿನೈದು. ಹಾಸ್ಟೆಲ್ ಗೇಟಿನ ಬಳಿ ಅವಳು ಅಳಲಿಲ್ಲ. ಗಟ್ಟಿ ಹುಡುಗಿ ಎಂದು ಹೆಮ್ಮೆಪಟ್ಟುಕೊಂಡು ವಿಮಾನ ಹತ್ತಿದೆ. ಓದಿದಳು, ಅಂಕವೂ ಬಂತು, ಅದರಲ್ಲಿ ಕೊರತೆಯಿಲ್ಲ. ಈಗ ಅವಳಿಗೆ ಇಪ್ಪತ್ತೆರಡು. ರಜೆಗೆ ಮನೆಗೆ ಬಂದರೆ ಫ್ರಿಜ್ ತೆರೆಯುವ ಮೊದಲು "ತೆರೆಯಲೇ ಅಮ್ಮ?" ಎಂದು ಕೇಳುತ್ತಾಳೆ. ಅತಿಥಿಗಳು ಕೇಳುವ ಹಾಗೆ. ಪ್ರತಿ ಸಲವೂ ನನ್ನ ಎದೆಯಲ್ಲಿ ಏನೋ ಮುರಿಯುತ್ತದೆ. ನಾನು ಸಲಹೆ ಕೊಡುತ್ತಿಲ್ಲ ಸಹೋದರಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದೆ.

ದುಬೈ, ಪುತ್ತೂರು ಮೂಲ
ಮಕ್ಕಳ ಮೇಲೆ ಇಷ್ಟು ಮೆತ್ತಗಾದರೆ ಹೇಗೆ? ನಾನು ಏಳನೆಯ ತರಗತಿಗೇ ಅಜ್ಜನ ಮನೆಯಿಂದ ನಾಲ್ಕು ಮೈಲಿ ನಡೆದು ಶಾಲೆಗೆ ಹೋದವನು. ನನ್ನ ತಂದೆ ತಾಯಿ ನನಗೆ ಅತಿಥಿಗಳಾದರೇ? ಊರಿನಲ್ಲಿ ಓದಿದ ಮಕ್ಕಳಿಗೆ ಮಾತ್ರ ಊರು ತಮ್ಮದಾಗುತ್ತದೆ. ಇಲ್ಲಿ ನಮಗೆ ಇರುವುದು ವೀಸಾ, ಅದು ಮುಗಿದ ದಿನ ಪೆಟ್ಟಿಗೆ ಕಟ್ಟಲೇಬೇಕು. ಆಗ ಮಕ್ಕಳು ಎಲ್ಲಿಯವರು? ಆ ಡಾಸಾ ಗೀಸಾ ಎಲ್ಲ ಆಮೇಲೆ.

ಮಸ್ಕತ್, ಶಿವಮೊಗ್ಗ ಮೂಲ
ಪುತ್ತೂರಿನ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಗುಂಪಿನಲ್ಲಿ ಎಷ್ಟು ಮಕ್ಕಳು ಕನ್ನಡ ಓದಬಲ್ಲರು? ಮಾತನಾಡುವುದಲ್ಲ, ಓದುವುದು. ಇಲ್ಲಿಯ ಶಾಲೆಯಲ್ಲಿ ಹಿಂದಿ ಇದೆ, ಫ್ರೆಂಚ್ ಇದೆ, ಮಲಯಾಳವೂ ಇದೆ, ನಮ್ಮ ಭಾಷೆಗೆ ಜಾಗವಿಲ್ಲ. ನಾನು ರಜಾದಿನ ಹದಿನಾಲ್ಕು ಮಕ್ಕಳಿಗೆ ಮನೆಯಲ್ಲೇ ಅಕ್ಷರ ಕಲಿಸುತ್ತೇನೆ. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಐದು ಮಂದಿ ಉಳಿಯುತ್ತಾರೆ. ಮೊನ್ನೆ ಒಬ್ಬ ಹುಡುಗ ತನ್ನ ಅಜ್ಜಿಯ ಪತ್ರವನ್ನು ತಂದು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದ. ಇಡೀ ತರಗತಿ ಸುಮ್ಮನೆ ಕೇಳಿತು.

ಅಬುಧಾಬಿ, ಹಾಸನ ಮೂಲ
ನಿಮ್ಮ ತರಗತಿ ದೊಡ್ಡ ಕೆಲಸ ಸರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತರವರೆಗೆ ಕನ್ನಡ ಓದದ ಮಗು ಪಿಯುಸಿಗೆ ಹೋಗಿ ಕನ್ನಡ ತೆಗೆದುಕೊಳ್ಳುವುದಿಲ್ಲ. ಅಂಕಕ್ಕಾಗಿ ಸಂಸ್ಕೃತವನ್ನೋ ಹಿಂದಿಯನ್ನೋ ಆರಿಸುತ್ತದೆ. ಅಕ್ಕ ಕೇಳಿದ್ದು ಕೋರ್ಸಿನ ಬಗ್ಗೆ.

ಮ್ಯೂನಿಕ್, ಮೈಸೂರು ಮೂಲ
ಜರ್ಮನಿಯನ್ನೂ ನೋಡಿ. ಇಲ್ಲಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತದೆ, ನಮ್ಮೂರಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಆರಂಭಿಸಿದೆ. ಸಿಬಿಎಸ್‌ಇ ಹನ್ನೆರಡು ಮುಗಿಸಿದವರಿಗೆ ಸಾಮಾನ್ಯವಾಗಿ ನೇರ ಪ್ರವೇಶ ಸಿಗುವುದಿಲ್ಲ. ಒಂದು ವರ್ಷ ಸ್ಟುಡಿಯೆನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಓದು ಮುಗಿಸಬೇಕು, ಇಲ್ಲವೇ ಭಾರತದಲ್ಲಿ ಪದವಿಯ ಒಂದು ವರ್ಷ ಮುಗಿಸಿರಬೇಕು, ಅಥವಾ ಐಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು. ಪದವಿಯ ಹಂತದಲ್ಲಿ ಬಹಳಷ್ಟು ಕೋರ್ಸುಗಳು ಜರ್ಮನ್ ಭಾಷೆಯಲ್ಲೇ ಇವೆ. ಈಗಿನಿಂದಲೇ ಭಾಷೆ ಕಲಿತರೆ ಸಾಧ್ಯ.

ದುಬೈ, ಧಾರವಾಡ ಮೂಲ
ಎಲ್ಲರೂ ಕಳುಹಿಸುವ ಮಾತನ್ನೇ ಆಡುತ್ತಿದ್ದೀರಿ. ಇಲ್ಲಿಯೇ ಓದಿಸಬಹುದಲ್ಲ? ವುಲಂಗಾಂಗ್ ವಿಶ್ವವಿದ್ಯಾಲಯ 1993ರಿಂದ ದುಬೈನಲ್ಲಿದೆ. ಬಿಟ್ಸ್ ಪಿಲಾನಿ 2000ದಲ್ಲಿ ಬಂತು. ಹೆರಿಯಟ್-ವಾಟ್, ಬರ್ಮಿಂಗ್‌ಹ್ಯಾಮ್, ಮಣಿಪಾಲ, ಎಲ್ಲವೂ ಇಲ್ಲಿವೆ. ಐಐಟಿ ದೆಹಲಿ ಅಬುಧಾಬಿಯಲ್ಲಿ 2024ರಲ್ಲಿ ಬಿ.ಟೆಕ್. ಆರಂಭಿಸಿದೆ. ನನ್ನ ಮಗಳು ಇಲ್ಲಿಯ ಒಂದು ಕ್ಯಾಂಪಸ್‌ನಲ್ಲಿ ಡೇಟಾ ಸೈನ್ಸ್ ಓದುತ್ತಿದ್ದಾಳೆ. ಸಂಜೆ ಏಳಕ್ಕೆ ಮನೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾ ಅಂದಿನ ಪಾಠವನ್ನು ನನಗೆ ವಿವರಿಸುತ್ತಾಳೆ. ನನಗೆ ಅರ್ಧ ತಿಳಿಯುವುದಿಲ್ಲ, ಆದರೂ ಆ ಅರ್ಧ ಗಂಟೆಗಾಗಿ ದಿನವಿಡೀ ಕಾಯುತ್ತೇನೆ. ಶುಲ್ಕ ಭಾರವೇ, ಅದನ್ನು ಮುಚ್ಚಿಡುವುದಿಲ್ಲ. ಊರಿನ ಸೈಟು ಮಾರಿದೆವು. ಅವಳು ಎದುರಿಗಿರುವಾಗ ಆ ಸೈಟು ನೆನಪಿಗೂ ಬರುವುದಿಲ್ಲ.

ದುಬೈ, ಪುತ್ತೂರು ಮೂಲ
ಸೈಟು ಮಾರಿದಿರಾ! ನಾಳೆ ಹಿಂದಿರುಗಿದರೆ ಎಲ್ಲಿ ನಿಲ್ಲುತ್ತೀರಿ? ನಾನು ಇದನ್ನೇ ಹೇಳುತ್ತಿರುವುದು.

ದುಬೈ, ಧಾರವಾಡ ಮೂಲ
ಮಗಳ ಪಕ್ಕದಲ್ಲಿ ನಿಲ್ಲುತ್ತೇವೆ ಸರ್.

ಶಾರ್ಜಾ, ಉಡುಪಿ ಮೂಲ
ಇಷ್ಟು ಜನ ಬರೆಯುತ್ತೀರೆಂದು ಎಣಿಸಿರಲಿಲ್ಲ, ಎಲ್ಲರಿಗೂ ವಂದನೆ. ಹಾಸನದವರು ಕೇಳಿದ್ದಕ್ಕೆ ಉತ್ತರ: ಮಗ ಉಡುಪಿಯಲ್ಲಿ ಎಲ್‌ಕೆಜಿ, ಯುಕೆಜಿ, ಆಮೇಲೆ ಒಂದರಿಂದ ನಾಲ್ಕು ಓದಿದ. ಐದಕ್ಕೆ ಇಲ್ಲಿಗೆ ಬಂದೆವು. ಎಲ್ಲ ಕೂಡಿಸಿದರೆ ಆರಾಯಿತು, ಪಿಯುಸಿ ಎರಡು ಸೇರಿದರೆ ಎಂಟು. ಹಾಗಾದರೆ ಕೆಸಿಇಟಿ ಸಿಗುತ್ತದೆಯಲ್ಲವೇ?

ಅಬುಧಾಬಿ, ಹಾಸನ ಮೂಲ
ಆ ಲೆಕ್ಕ ಸರಿಯಲ್ಲ ಅಕ್ಕ. ಎಣಿಕೆ ಒಂದನೆಯ ತರಗತಿಯಿಂದ ಆರಂಭ, ಎಲ್‌ಕೆಜಿ ಯುಕೆಜಿ ಲೆಕ್ಕಕ್ಕಿಲ್ಲ. ನಾಲ್ಕು ಮತ್ತು ಎರಡು, ಆರು. ಒಂದು ವರ್ಷ ಕಡಿಮೆ. ಐದನೆಯದನ್ನೂ ಉಡುಪಿಯಲ್ಲೇ ಮುಗಿಸಿ ಬಂದಿದ್ದರೆ ನಾನೇ ಬೇರೆ ಮಾತು ಹೇಳುತ್ತಿದ್ದೆ. ನಿಮ್ಮ ಮಗನ ವಿಷಯದಲ್ಲಿ ಪಿಯುಸಿಗೆ ಕಳುಹಿಸಿದರೆ ಅವನ ಸ್ವಂತ ಓದಿನ ಲೆಕ್ಕದಲ್ಲಿ ಕೆಸಿಇಟಿಯ ಸರ್ಕಾರಿ ಸೀಟು ಸಿಗುವುದಿಲ್ಲ, ನಿಮ್ಮಿಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಆ ನಿಯಮದಡಿ ಕೇಳಬಹುದು, ಆದರೆ ಸಿಐಡಬ್ಲ್ಯುಜಿ ಉಳಿಯುವುದಿಲ್ಲ. ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಹಾಸ್ಟೆಲ್‌ಗೆ ಮುಂಗಡ ಕಟ್ಟಿ, ಆಮೇಲೆ ತಿಳಿದು, ಹಿಂತೆಗೆದವರು ನಾವು. ಆ ಹಣ ಮರಳಿ ಬರಲೇ ಇಲ್ಲ.

ಕುವೈತ್, ಕಾಸರಗೋಡು ಮೂಲ
ನಮ್ಮ ಕಡೆಯವರಿಗೆ ಗಡಿನಾಡು ಕನ್ನಡಿಗರೆಂದು ಬೇರೆ ನಿಯಮವಿದೆ. ಕೊಲ್ಲಿಯಲ್ಲಿರುವ ಕನ್ನಡಿಗರ ಮಕ್ಕಳಿಗೂ ಅಂಥದ್ದೊಂದು ಬೇಕು. ಇದನ್ನು ಸರ್ಕಾರಕ್ಕೆ ಬರೆಯಬೇಕು.

ಮಸ್ಕತ್, ಶಿವಮೊಗ್ಗ ಮೂಲ
ಬರೆಯೋಣ. ನಾನು ಕರಡು ಮಾಡುತ್ತೇನೆ.

ದುಬೈ, ಪುತ್ತೂರು ಮೂಲ
ಕೆಸಿಇಟಿ ಇಲ್ಲದಿದ್ದರೆ ಕರ್ನಾಟಕದ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಇದೆ. ಅದಕ್ಕೆ ಏಳು ವರ್ಷವೂ ಬೇಡ, ಎಂಟು ವರ್ಷವೂ ಬೇಡ, ದೇಶದ ಯಾವ ಮೂಲೆಯವರೂ ಬರೆಯಬಹುದು. ನನ್ನ ಕಿರಿಯ ಮಗ ಬರೆದದ್ದು ಅದನ್ನೇ. ಊರಿನಲ್ಲಿದ್ದು ತಯಾರಾದರೆ ಖಂಡಿತ ಬರುತ್ತದೆ. ತಂಗಿ, ಲೆಕ್ಕಾಚಾರದಲ್ಲಿ ಮುಳುಗಬೇಡಿ. ಅತ್ತೆಗೆ ವಯಸ್ಸಾಗುತ್ತಿದೆ. ಮೊಮ್ಮಗ ಎರಡು ವರ್ಷ ಅವರ ಕೈಯ ಗಂಜಿ ಉಣ್ಣಲಿ. ಆ ಎರಡು ವರ್ಷ ಮುಂದೆ ಯಾವ ಕೋಟಾದಲ್ಲೂ ಸಿಗುವುದಿಲ್ಲ.

ಅಬುಧಾಬಿ, ಹಾಸನ ಮೂಲ
ಕೊನೆಯ ಮಾತು ನನಗೂ ಮುಟ್ಟಿತು ಅಣ್ಣ. ಆದರೆ ಕಾಮೆಡ್-ಕೆ ಬರೆಯಲು ಪಿಯುಸಿಯೇ ಆಗಬೇಕೆಂದಿಲ್ಲ. ಇಲ್ಲಿ ಹನ್ನೆರಡು ಮುಗಿಸಿ ಊರಿಗೆ ಹೋಗಿ ಬರೆದರಾಯಿತು. ಅಂದರೆ ಇಲ್ಲಿಯೇ ಉಳಿದರೆ ಕಾಮೆಡ್-ಕೆಯೂ ಉಳಿಯುತ್ತದೆ, ಸಿಐಡಬ್ಲ್ಯುಜಿಯೂ ಉಳಿಯುತ್ತದೆ. ಹೋದರೆ ಸಿಐಡಬ್ಲ್ಯುಜಿ ಕೈತಪ್ಪುತ್ತದೆ.

ವೀಸಾದ ಬಗ್ಗೆಯೂ ಒಂದು ಮಾತು. ಯುಎಇಯಲ್ಲಿ ಈಗ ಗಂಡುಮಕ್ಕಳನ್ನು 25 ವರ್ಷದವರೆಗೆ ತಂದೆಯ ಪ್ರಾಯೋಜಕತ್ವದಲ್ಲಿ ಇಟ್ಟುಕೊಳ್ಳಬಹುದು. ಆದರೆ ಸಾಮಾನ್ಯ ನಿವಾಸ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ಅದು ರದ್ದಾಗುವ ಅಪಾಯವಿದೆ. ಊರಿನಲ್ಲಿ ಓದುವ ಮಗ ಪ್ರತಿ ಸೆಮಿಸ್ಟರ್ ರಜೆಗೂ ಬಂದು ಹೋಗಬೇಕು. ಟಿಕೆಟ್ಟಿನ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಬಹ್ರೇನ್, ಮಡಿಕೇರಿ ಮೂಲ
ಮೂರು ದಿನದಿಂದ ಓದುತ್ತಿದ್ದೇನೆ. ನಾನು ಇಲ್ಲಿ ಶಾಲೆಯಲ್ಲಿ ಪಾಠ ಮಾಡುವವಳು. ಹುಡುಗನಿಗೆ ಏನು ಓದಬೇಕಂತೆ? ಯಾರೂ ಕೇಳಿಯೇ ಇಲ್ಲವಲ್ಲ.

ಶಾರ್ಜಾ, ಉಡುಪಿ ಮೂಲ
ಮೇಡಂ, ನಿಮ್ಮ ಪ್ರಶ್ನೆ ಓದಿ ನಾಚಿಕೆಯಾಯಿತು. ಇಂಜಿನಿಯರಿಂಗ್ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ನಿನ್ನೆ ರಾತ್ರಿ ಅವನ ಕೋಣೆಗೆ ಹೋಗಿ ಕುಳಿತು ಕೇಳಿದೆ. ಮಾತನಾಡಲಿಲ್ಲ. ಮೇಜಿನ ಕೆಳಗಿನಿಂದ ಒಂದು ಪುಸ್ತಕ ತೆಗೆದು ಕೈಗೆ ಕೊಟ್ಟ. ಪುಟ ತುಂಬ ಚಿತ್ರಗಳು. ಶಾರ್ಜಾದ ಹಳೆಯ ಪೇಟೆಯಲ್ಲಿ ಗಾಳಿಯನ್ನು ಮನೆಯೊಳಗೆ ಇಳಿಸುವ ಒಂದು ದುಂಡನೆಯ ಗೋಪುರವಿದೆಯಲ್ಲ, ಅದನ್ನು ಒಳಗಿನಿಂದ ಸೀಳಿ ನೋಡಿದ ಹಾಗೆ ಬರೆದು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಇಳಿಯುತ್ತದೆ ಎಂದು ಬಾಣದ ಗುರುತು ಹಾಕಿದ್ದಾನೆ. ಪಕ್ಕದ ಪುಟದಲ್ಲಿ ನಮ್ಮ ಊರಿನ ಮನೆ. ನಡುಮನೆ, ಅಂಗಳ, ಮಳೆನೀರು ಇಳಿಯುವ ಹಂಚಿನ ಅಂಚು, ಒಂದೂ ಬಿಟ್ಟಿಲ್ಲ. ಆ ಮನೆಯಲ್ಲಿ ಅವನು ಇದ್ದದ್ದು ಒಂಬತ್ತು ವರ್ಷದವರೆಗೆ. "ಇದಕ್ಕೆ ಕೋರ್ಸ್ ಇದೆಯಾ ಅಮ್ಮ?" ಎಂದು ಕೇಳಿದ. ಇದೆಯೇ? ಅದಕ್ಕೂ ಈ ನಿಯಮಗಳೇ ಅನ್ವಯವೇ?

ಅಬುಧಾಬಿ, ಹಾಸನ ಮೂಲ
ಖಂಡಿತ ಇದೆ ಅಕ್ಕ. ಬಿ.ಆರ್ಕ್., ಅಂದರೆ ವಾಸ್ತುಶಿಲ್ಪ ಪದವಿ, ಐದು ವರ್ಷ. ಹನ್ನೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬಿಡದಂತೆ ನೋಡಿಕೊಳ್ಳಿ. ಡಾಸಾದಲ್ಲಿ ಬಿ.ಆರ್ಕ್. ಸೀಟುಗಳೂ ಇರುತ್ತವೆ. ಸುರತ್ಕಲ್‌ನ ಎನ್‌ಐಟಿಯಲ್ಲಿ ಈ ಕೋರ್ಸ್ ಇಲ್ಲ, ಕಲ್ಲಿಕೋಟೆ ಮತ್ತು ತಿರುಚಿರಾಪಳ್ಳಿಯ ಎನ್‌ಐಟಿಗಳಲ್ಲಿ ಇದೆ. ಜೆಇಇ ಮೇನ್‌ನಲ್ಲಿ ಇದಕ್ಕೆ ಬೇರೆ ಪತ್ರಿಕೆ, ಅದರಲ್ಲಿ ಚಿತ್ರ ಬರೆಯಲೂ ಇರುತ್ತದೆ. ಬೇರೆ ಕಾಲೇಜುಗಳಿಗೆ ನಾಟಾ ಎಂಬ ಪರೀಕ್ಷೆ. ಇನ್ನು ನಿಮ್ಮ ಮನೆಯ ಹತ್ತಿರವೇ ಅಮೆರಿಕನ್ ಯೂನಿವರ್ಸಿಟಿ ಆಫ್ ಶಾರ್ಜಾದಲ್ಲಿ ಐದು ವರ್ಷದ ವಾಸ್ತುಶಿಲ್ಪ ಪದವಿ ಇದೆ, ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ ತೋರಿಸಿ. ಹೊರದೇಶದ ಪದವಿ ಪಡೆದು ಮುಂದೆ ಭಾರತದಲ್ಲಿ ಆರ್ಕಿಟೆಕ್ಟ್ ಎಂದು ಕೆಲಸ ಮಾಡಬೇಕಾದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಬೇಕು. ಸೇರುವ ಮೊದಲೇ ಆ ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ದುಬೈ, ಪುತ್ತೂರು ಮೂಲ
ಒಳ್ಳೆಯ ಹುಡುಗ. ಆದರೂ ಹೇಳುತ್ತೇನೆ, ಊರಿನ ಮನೆಯನ್ನು ಇಷ್ಟು ಚೆನ್ನಾಗಿ ನೆನಪಿಟ್ಟವನು ಊರಿನಲ್ಲೇ ಓದಬೇಕು.

ಬಹ್ರೇನ್, ಮಡಿಕೇರಿ ಮೂಲ
ದೂರದಲ್ಲಿದ್ದುದರಿಂದಲೇ ನೆನಪಿಟ್ಟಿರಬಹುದು ಅಣ್ಣ.

ಶಾರ್ಜಾ, ಉಡುಪಿ ಮೂಲ
ನಮೂನೆ ತುಂಬಿದೆ. ಹನ್ನೊಂದು ಇಲ್ಲಿಯೇ, ಗಣಿತ ಮತ್ತು ಭೌತಶಾಸ್ತ್ರ ಇರುವ ವಿಭಾಗ. ಅತ್ತೆಗೆ ಇವತ್ತು ಸಂಜೆ ಹೇಳಬೇಕು, ಅದು ಸುಲಭವಲ್ಲ. ಬೇಸಿಗೆ ರಜೆಯ ಎರಡು ತಿಂಗಳೂ ಮಗನನ್ನು ಅವರ ಬಳಿಯೇ ಬಿಡುವುದೆಂದು ಯಜಮಾನರು ಒಪ್ಪಿದ್ದಾರೆ. ಮನೆಯ ಅಳತೆ ತೆಗೆಯುತ್ತೇನೆ ಎಂದು ಅವನು ಈಗಲೇ ಟೇಪು ಕೇಳುತ್ತಿದ್ದಾನೆ. ಶಾರ್ಜಾ ಅಥವಾ ಅಜ್ಮಾನ್‌ನಲ್ಲಿ ಚಿತ್ರ ಬರೆಯುವುದನ್ನು ಕಲಿಸುವವರು ಯಾರಾದರೂ ಇದ್ದರೆ ತಿಳಿಸಿ.

ದುಬೈ, ಧಾರವಾಡ ಮೂಲ
ನಮ್ಮ ಕಟ್ಟಡದಲ್ಲೇ ಒಬ್ಬರು ಇದ್ದಾರೆ, ಶನಿವಾರ ಕಲಿಸುತ್ತಾರೆ. ವಿಳಾಸ ಕಳುಹಿಸುತ್ತೇನೆ. ಕರೆದುಕೊಂಡು ಬಂದ ದಿನ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬನ್ನಿ.