ಹಳೇ ಶಾಲಾ ರಿಜಿಸ್ಟರ್, ಈಗಿನ ಅಳತೆ: ಲಂಬಾಣಿ ಮಕ್ಕಳ ಎತ್ತರ ಹೋಲಿಸೋದು ಹೇಗೆ?

ಪಿಂಪ್ರಿ_ತಾಂಡಾ:
ವಿಜಯಪುರ, ಯಾದಗಿರಿ ಕಡೆಯ ತಾಂಡಾಗಳಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ 10ರಿಂದ 17 ವರ್ಷದ ಮಕ್ಕಳ ಎತ್ತರ ಅಳೆಯಬೇಕಿದೆ. 1990ರ ದಶಕದ ಶಾಲಾ ತಪಾಸಣೆ ರಿಜಿಸ್ಟರ್ ಕೈಯಲ್ಲಿದೆ. ಆಗಿನ 13 ವರ್ಷದ ಹುಡುಗರ ಸರಾಸರಿ, ಈಗಿನ 13 ವರ್ಷದವರ ಸರಾಸರಿ, ಎರಡನ್ನೂ ಕಳೆದರೆ ಸಾಕೇ? ಒಟ್ಟು 60 ಹುಡುಗರು ಸಿಗಬಹುದು.

ಅಳತೆಗೋಲು:
ಸಾಲದು. ಮೊದಲು ರಿಜಿಸ್ಟರಿನ ಜನ್ಮದಿನಾಂಕದ ಕಾಲಂ ಮೇಲೆ ಬೆರಳಾಡಿಸಿ. 1-6 (ಜೂನ್ 1), 1-6, ಮತ್ತೆ 1-6 ಅಂತ ಸಾಲಾಗಿ ಕಂಡರೆ ಅದು ಹುಟ್ಟಿದ ದಿನವಲ್ಲ, ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿಗೆ ಬರೆದದ್ದು. ಇದರ ಪೆಟ್ಟು ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ ಹುಡುಗರ ಮಧ್ಯಮ ಎತ್ತರ 13ಕ್ಕೆ 156.0 ಸೆಂ.ಮೀ., 14ಕ್ಕೆ 163.2. ವಯಸ್ಸು ಒಂದು ವರ್ಷ ತಪ್ಪಿದರೆ 7 ಸೆಂ.ಮೀ. ತಪ್ಪು! ದಶಕಕ್ಕೆ ಒಂದೆರಡು ಸೆಂ.ಮೀ. ಏರಿಕೆ ಹುಡುಕುವವರಿಗೆ ಇದು ಇಡೀ ಫಲಿತಾಂಶವನ್ನೇ ನುಂಗುತ್ತದೆ. ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡ್ ಕೇಳಿ. ಎರಡೂ ಇಲ್ಲದಿದ್ದರೆ ತಾಯಿಯ ಹತ್ತಿರ ಕೂತು ಹೋಳಿ ಹಬ್ಬಕ್ಕೆ ಮುಂಚೆಯೋ, ತೀಜ್ ಹಬ್ಬ ಆದ ಮೇಲೋ, ದವಾಳಿ (ದೀಪಾವಳಿ) ಹೊತ್ತಿಗೋ ಅಂತ ಕೇಳಿ ತಿಂಗಳು ಗುರುತಿಸಿ.

ಇನ್ನೊಂದು, 13 ವರ್ಷ ಒಂದನ್ನೇ ನೋಡಬೇಡಿ. ಬೆಳವಣಿಗೆಯ ಜೋರು ಹುಡುಗಿಯರಿಗೆ ಸುಮಾರು 12ಕ್ಕೆ, ಹುಡುಗರಿಗೆ 14ರ ಆಸುಪಾಸಿಗೆ. ಈಗಿನ ಮಕ್ಕಳು ಬೇಗ ಪ್ರಾಯಕ್ಕೆ ಬರುತ್ತಿದ್ದರೆ 13ರಲ್ಲಿ ಎತ್ತರ ಕಾಣುತ್ತಾರೆ, 18ಕ್ಕೆ ಅಪ್ಪನಷ್ಟೇ ನಿಲ್ಲಲೂಬಹುದು. ಬೇಗ ಬೆಳೆಯೋದು ಬೇರೆ, ಹೆಚ್ಚು ಬೆಳೆಯೋದು ಬೇರೆ. 17–18ರವರನ್ನೂ ಅಳೆಯದೆ ತೀರ್ಮಾನ ಬರೆಯಲೇಬೇಡಿ.

ಜಡೆ_ಬಿಚ್ಚಿ:
ಹಳೇ ಅಳತೆ ಇಂಚಿನಲ್ಲಿದೆಯಾ? ಅರ್ಧ, ಮುಕ್ಕಾಲು ಬಿಟ್ಟು ಪೂರ್ತಿ ಇಂಚನ್ನಷ್ಟೇ ಬರೆದಿದ್ದರೆ ಆಗಿನ ಸರಾಸರಿಯೇ ಸುಮಾರು 1.3 ಸೆಂ.ಮೀ. ಕೆಳಗಿರುತ್ತದೆ, ಆಮೇಲೆ ಅದೇ "ಬೆಳವಣಿಗೆ" ಆಗಿ ಕಾಣುತ್ತದೆ. ಈಗ ಅಳೆಯುವಾಗ ಗೋಡೆಗೆ ಟೇಪ್ ಅಂಟಿಸಬೇಡಿ, ಸ್ಟೇಡಿಯೋಮೀಟರ್ (ಹಲಗೆಯ ಮೇಲೆ ಜಾರುವ ತಲೆಪಟ್ಟಿ ಇರುವ ಎತ್ತರ ಅಳೆಯುವ ಸಾಧನ) ಬೇಕು. ಚಪ್ಪಲಿ ತೆಗೆಸಿ, ಹುಡುಗಿಯರ ತುರುಬು, ಜಡೆ ಬಿಚ್ಚಿಸಿ. ಹಿಮ್ಮಡಿ, ಕುಂಡಿ, ಹೆಗಲ ಮೂಳೆ ಹಲಗೆಗೆ ತಾಗಲಿ. ಕಣ್ಣಿನ ಕೆಳಅಂಚು ಮತ್ತು ಕಿವಿರಂಧ್ರ ಒಂದೇ ಮಟ್ಟದಲ್ಲಿರಲಿ. ಗದ್ದ ಎತ್ತಿದರೆ ಅಳತೆ ಕೆಡುತ್ತದೆ. ಇಬ್ಬರು ಬೇರೆಬೇರೆಯಾಗಿ 0.1 ಸೆಂ.ಮೀ. ತನಕ ಓದಲಿ, 0.7ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯಲಿ. ಬೆಳಿಗ್ಗೆಗಿಂತ ಸಂಜೆಗೆ ಬೆನ್ನುಮೂಳೆ ಒತ್ತಿ ಒಂದು ಸೆಂ.ಮೀ.ವರೆಗೂ ಇಳಿಯುತ್ತದೆ, ಹಾಗಾಗಿ ಗಂಟೆಯನ್ನೂ ಬರೆದಿಡಿ.

ಮಡಗಾಂವ್_ಓದುಗ:
ಗುಂಪಿನ ಹೆಸರಲ್ಲೇ ಮೋಸವಾಗುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅದೇ ಮಗು, ಗಡಿ ದಾಟಿದರೆ ಬೇರೆ ಕಾಲಂ. ನಮ್ಮ ಗೋವಾದಲ್ಲಿ ಗಾವಡಾ, ಕುಣಬಿ, ವೇಳಿಪರು ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೆ ಮುಂಚಿನ, ಆಮೇಲಿನ "ಪರಿಶಿಷ್ಟ ಪಂಗಡ" ಸರಾಸರಿ ಹೋಲಿಸಿದರೆ ಬೇರೆಬೇರೆ ಜನರನ್ನೇ ಹೋಲಿಸಿದಂತೆ. ಸರ್ಕಾರಿ ವರ್ಗದ ಜೊತೆಗೆ ಸಮುದಾಯದ ಹೆಸರು, ಮನೆಮಾತು, ತಾಯಿಯ ಊರು ಬರೆದುಕೊಳ್ಳಿ. ಹಳೇ ರಿಜಿಸ್ಟರಿನಲ್ಲಿ ಶಾಲೆ ಬಿಟ್ಟವರು ಇಲ್ಲ ಅನ್ನೋದನ್ನೂ ಮರೀಬೇಡಿ. ಆಗ ಏಳನೇ ತರಗತಿ ತನಕ ಉಳಿದವರು ಮನೆಯಲ್ಲಿ ಸ್ವಲ್ಪ ಅನುಕೂಲ ಇದ್ದವರೇ ಹೆಚ್ಚು. ಈಗ ಬಡವರ ಮಕ್ಕಳೂ ಶಾಲೆಯಲ್ಲಿದ್ದಾರೆ, ನಿಜವಾದ ಏರಿಕೆ ಅದರಡಿ ಮುಚ್ಚಿಹೋಗಬಹುದು.

ಪಿಂಪ್ರಿ_ತಾಂಡಾ:
60 ಹುಡುಗರ ಬಗ್ಗೆ? "ಅವರ ಜಾತಿಯೇ ಕುಳ್ಳು" ಅಂತ ಕಮಿಟಿಯಲ್ಲಿ ಒಬ್ಬರು ಹೇಳುತ್ತಿದ್ದಾರೆ, ಅದಕ್ಕೇನು ಹೇಳಲಿ?

ಅಳತೆಗೋಲು:
ಪ್ರಮಾಣಿತ ವಿಚಲನೆ (ಒಂದೇ ವಯಸ್ಸಿನ ಮಕ್ಕಳ ಎತ್ತರ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) 7 ಸೆಂ.ಮೀ. ಅಂತ ಹಿಡಿದರೆ, 2 ಸೆಂ.ಮೀ. ವ್ಯತ್ಯಾಸ ಹಿಡಿಯಲು ಪ್ರತಿ ಕಾಲಕ್ಕೂ ಸುಮಾರು 190 ಮಕ್ಕಳು ಬೇಕು, 1 ಸೆಂ.ಮೀ.ಗೆ ಸುಮಾರು 770. ಆದ್ದರಿಂದ ಒಂದೊಂದೇ ವಯಸ್ಸು ಬಿಟ್ಟು, ಎಲ್ಲರ ಎತ್ತರವನ್ನೂ ವಯಸ್ಸಿಗೆ ತಕ್ಕ ಝಡ್ ಸ್ಕೋರ್ (ಆ ವಯಸ್ಸಿನ ಮಧ್ಯಮ ಎತ್ತರಕ್ಕಿಂತ ಎಷ್ಟು ಪ್ರಮಾಣಿತ ವಿಚಲನೆ ಮೇಲೆ ಅಥವಾ ಕೆಳಗೆ ಅನ್ನೋ ಅಂಕ) ಮಾಡಿ ಒಟ್ಟುಗೂಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಆಂಥ್ರೋಪ್ಲಸ್ ತಂತ್ರಾಂಶ ಇದನ್ನು ಮಾಡಿಕೊಡುತ್ತದೆ. ಎರಡೂ ಕಾಲಕ್ಕೆ ಒಂದೇ ಪಟ್ಟಿ ಬಳಸಿ. ಹಳೇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2007ರದ್ದು, ಹೊಸದಕ್ಕೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರದ್ದು ಹಾಕಿದರೆ ಲೆಕ್ಕ ಕೆಟ್ಟಂತೆ.

ಕಮಿಟಿಯವರಿಗೆ ಇಷ್ಟು ಹೇಳಿ: ದಕ್ಷಿಣ ಕೊರಿಯಾದ ಹೆಂಗಸರು ಒಂದು ಶತಮಾನದಲ್ಲಿ ಸರಾಸರಿ 20 ಸೆಂ.ಮೀ. ಎತ್ತರವಾದರು. ಅಷ್ಟರಲ್ಲಿ ವಂಶವಾಹಿ ಬದಲಾಗಲಿಲ್ಲ, ಬದಲಾದದ್ದು ತಾಯಿಯ ತಟ್ಟೆ, ಕುಡಿಯುವ ನೀರು, ಎಳೆಯ ಮಕ್ಕಳ ಬೇಧಿ-ಜ್ವರ. ಕಬ್ಬು ಕಟಾವಿಗೆ, ಕಟ್ಟಡ ಕೆಲಸಕ್ಕೆ ಅಂತ ವರ್ಷಕ್ಕೆ ಆರು ತಿಂಗಳು ಅಂಗನವಾಡಿ ತಪ್ಪುವ ಮಗು ಎತ್ತರದಲ್ಲಿ ಮೊದಲ ಎರಡು ವರ್ಷಗಳಲ್ಲೇ ಹಿಂದೆ ಬೀಳಬಹುದು. ಅಳತೆ ಫಾರಂನಲ್ಲಿ "ಮೊದಲ ಎರಡು ವರ್ಷ ಎಲ್ಲಿ ಬೆಳೆದದ್ದು" ಅಂತ ಒಂದು ಸಾಲು ಸೇರಿಸಿ.